ಕುರ್ಚಿಯ ಹಿಂದೆ ನಿಂತವನು

ಮನೆ,
ಜೂನ್ ೧೪, ಭಾನುವಾರ ಬೆಳಿಗ್ಗೆ

ನನ್ನ ಪುಟ್ಟಿಗೆ,

ಕೆಮ್ಮು ಕಡಿಮೆಯಾಯಿತೇ? ಹಾಸ್ಟೆಲಿನ ಕಿಟಕಿ ಮುಚ್ಚಿಕೊಂಡು ಮಲಗು. ನಾನೂ ಅಮ್ಮನೂ ಚೆನ್ನಾಗಿದ್ದೇವೆ. ನನ್ನ ಮಂಡಿನೋವು ಮಾತ್ರ ಕರೆಯದೆ ಬಂದ ನೆಂಟನ ಹಾಗೆ ಬೀಡುಬಿಟ್ಟಿದೆ, ಹೊರಡುವ ಮಾತೇ ಇಲ್ಲ.

ಆಫೀಸಿನ ಒಂದು ಸಂಗತಿ ಬರೆಯಬೇಕು. ಅಮ್ಮನಿಗೂ ಪೂರ್ತಿ ಹೇಳಿಲ್ಲ. ಎರಡು ತಿಂಗಳ ಹಿಂದೆ ನಮ್ಮಲ್ಲಿ ಪ್ರೋಗ್ರಾಂ ಬರೆಯುವವರಿಗೆಲ್ಲ ಮಣಿಕಟ್ಟಿಗೆ ಒಂದೊಂದು ಪಟ್ಟಿ ಕಟ್ಟಿದರು. ಅದು ಎದೆಬಡಿತ, ಬೆವರು ಎಲ್ಲ ಅಳೆದು, ಯಾರಿಗೆ ಯಾವಾಗ ಕಸಿವಿಸಿಯಾಯಿತೆಂದು ತಂಡದ ಮುಖ್ಯಸ್ಥನಾದ ನನ್ನ ಕಂಪ್ಯೂಟರಿನಲ್ಲಿ ಗೆರೆ ಎಳೆದು ತೋರಿಸುತ್ತದೆ. ಕೆಲಸದಲ್ಲಿ ಸಿಕ್ಕಿಕೊಂಡವರಿಗೆ ನೆರವಾಗಲಿ ಎಂಬುದು ಉದ್ದೇಶ. ಹೊಸದಾಗಿ ಸೇರಿದ ಹುಡುಗಿಯೊಬ್ಬಳಿದ್ದಳು. ಮಾತು ಕಡಿಮೆ, ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅವಳ ಗೆರೆ ದಿನಕ್ಕೆ ನಾಲ್ಕೈದು ಸಲ ಕೆಂಪಾಗಿ ಮೇಲೇರುತ್ತಿತ್ತು. ಒತ್ತಡ ತಾಳಲಾರಳು, ಬೇರೆ ಕಡೆ ಹಾಕಿ ಎಂದು ಮ್ಯಾನೇಜರಿಗೆ ಬರೆದೆ. ಗಿರಾಕಿಗಳ ದೂರು ಕೇಳಿಸಿಕೊಳ್ಳುವ ವಿಭಾಗಕ್ಕೆ ಹಾಕಿದರು. ಅಷ್ಟು ಚೆನ್ನಾಗಿ ಕೋಡ್ ಬರೆಯುವ ಹುಡುಗಿಯನ್ನು.

ಹೊರಡುವ ದಿನ ನನ್ನ ಮೇಜಿನ ಮೇಲೆ ಪಟ್ಟಿ ಬಿಚ್ಚಿಟ್ಟಳು. "ಕೋಡ್ ಕೆಟ್ರೆ ನಂಗೆ ಭಯ ಇಲ್ಲ ಸರ್. ನೀವು ಬಂದು ಕುರ್ಚಿ ಹಿಂದೆ ನಿಲ್ತೀರಲ್ಲ, ಆಗ ಕೈ ಓಡಲ್ಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಪುಟ್ಟಿ, ನನಗದು ಹೊಸ ಸುದ್ದಿಯಲ್ಲ. ಗೆರೆ ಏರುವ ಹೊತ್ತೂ ನಾನು ಸುತ್ತು ಹಾಕುವ ಹೊತ್ತೂ ಒಂದೇ ಎಂದು ಮೂರನೇ ವಾರವೇ ಕಂಡಿದ್ದೆ. ಪರೀಕ್ಷಿಸಲೆಂದೇ ಒಂದು ದಿನ ಸುಮ್ಮನೆ ಹೋಗಿ ನಿಂತು ಬಂದೆ. ಕೆಂಪಾಯಿತು. ಕಂಡೂ ಕಾಣದವನಂತಿದ್ದು, ತಪ್ಪನ್ನು ಅವಳ ತಲೆಗೆ ಕಟ್ಟಿದೆ. ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳಲೂ ನಾಚಿಕೆಯಾಗುತ್ತದೆ. ಮೊನ್ನೆ ಮ್ಯಾನೇಜರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನನ್ನು ಮುಖ್ಯಸ್ಥನ ಜಾಗದಿಂದ ಇಳಿಸಿದ್ದಾರೆ. ಅವಳನ್ನು ವಾಪಸು ಕರೆದರೆ, ಬರುವುದಿಲ್ಲ ಎಂದಳಂತೆ. ಅವಳ ಬಳಿ ಹೋಗಿ ಕ್ಷಮೆ ಕೇಳಬೇಕೆಂದುಕೊಂಡೆ. ಹೋಗಿ ಎದುರಿಗೆ ನಿಂತರೆ ಮತ್ತೆ ಹೆದರಿಯಾಳೆಂದು ಚೀಟಿ ಬರೆದು ಕಳಿಸಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನೆಮ್ಮದಿಯಾಗಿರು ಎಂದು ಹರಸುವ,

ನಿನ್ನ ಅಪ್ಪ

ತಾ.ಕ.: ಚಿಕ್ಕವಳಿದ್ದಾಗ ನೀನು ಲೆಕ್ಕ ಬಿಡಿಸುತ್ತಿರುವಾಗ ನಾನು ಹತ್ತಿರ ಬಂದರೆ ನೀನು ಪೆನ್ಸಿಲ್ ಕೆಳಗಿಟ್ಟುಬಿಡುತ್ತಿದ್ದೆ. ಸೋಮಾರಿ ಎಂದು ನಾನು ಬೈಯುತ್ತಿದ್ದೆ. ಮೂರು ರಜೆ ಕಳೆಯಿತು, ಓದು ಜಾಸ್ತಿ ಎಂದು ನೀನು ಮನೆಗೇ ಬಂದಿಲ್ಲ. ನಿಜವಾದ ಕಾರಣ ಬರೆ ಮಗಳೇ. ನನಗೆ ಬರೆಯಲಾಗದಿದ್ದರೆ ಅಮ್ಮನಿಗಾದರೂ ಬರೆ, ನಾನು ಓದುವುದಿಲ್ಲ.