‘ತೆಲುಗು’ ಚೀಟಿ ಅಂಟಿಸಿದ ಕಪಾಟಿನ ಕನ್ನಡ ಪುಸ್ತಕಗಳು

ಗ್ರಂಥಾಲಯಗಳ ಭಾರ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಮ್ಮೂರಿನ ಶಾಖಾ ಗ್ರಂಥಾಲಯದ ಒಂದು ಕಪಾಟನ್ನು ‘ಓದುಗರಿಲ್ಲ’ ಎಂಬ ಕಾರಣಕ್ಕೆ ಬರುವ ತಿಂಗಳು ಹತ್ತನೇ ತಾರೀಕು ಖಾಲಿ ಮಾಡಿ, ಪುಸ್ತಕಗಳನ್ನು ಹಳೇ ಕಾಗದಕ್ಕೆ ಹಾಕಬೇಕೆಂದು ತಾವು ಆದೇಶ ಹೊರಡಿಸಿದ್ದೀರಿ. ಆ ಕಪಾಟಿಗೆ ಓದುಗರಿದ್ದರು. ಒಬ್ಬಳೇ ಒಬ್ಬಳು. ಅವಳ ಕಾರ್ಡನ್ನು ರದ್ದು ಮಾಡಿದವರೂ ತಾವೇ. ನೂಲು ಕತ್ತರಿಸಿದವರೇ ಬಂದು ಮಗ್ಗ ಯಾಕೆ ನಿಂತಿದೆ ಎಂದು ಕೇಳಿದರೆ ನೇಯುವವರು ಏನು ಹೇಳಬೇಕು?

ಈ ಪತ್ರ ಕನ್ನಡದಲ್ಲಿರುವುದಕ್ಕೆ ಕ್ಷಮೆ ಇರಲಿ. ಈಗಾಗಲೇ ತಮಿಳಿನಲ್ಲಿ ಮೂರು ಅರ್ಜಿ ಬರೆದಿದ್ದೇನೆ. ಅವು ತಮಗೆ ಚೆನ್ನಾಗಿ ಅರ್ಥವಾದವು, ಹಾಗಾಗಿ ಉತ್ತರ ಬರಲಿಲ್ಲ. ಇದು ಅರ್ಥವಾಗುವುದಿಲ್ಲ, ಹಾಗಾಗಿ ಉತ್ತರ ಬಂದರೂ ಬರಬಹುದು.

ನಾನು ಕಾರಮಡೈಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಒಂದು ನೇಕಾರರ ಊರಿನವಳು. ಮನೆಯಲ್ಲಿ ಕನ್ನಡ ಆಡುತ್ತೇವೆ, ಓದಲು ಯಾರಿಗೂ ಬಾರದು. ನಾನು ಆ ಅಕ್ಷರಗಳನ್ನು ಫೋನು ನೋಡಿ ಕಲಿತದ್ದು ಭಾಷಾಭಿಮಾನದಿಂದಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ. ಮನೆಯವರಿಗೆ ಓದಲಾಗದ ಲಿಪಿಯಲ್ಲಿ ಮನೆಯವರನ್ನು ಬೈಯುವ ಸದುದ್ದೇಶ ಅದರ ಹಿಂದೆ ಇತ್ತು. ಮೊದಲ ಪ್ರಯತ್ನವಾಗಿ ಮಗ್ಗದ ಕೋಣೆಯ ಗೋಡೆಯ ಮೇಲೆ ‘ಮಾಯಣ್ಣ ಮಾವ ಗೊರಕೆ ರಾಜ’ ಎಂದು ದಪ್ಪಗೆ ಬರೆದೆ. ನಮ್ಮಲ್ಲಿ ಕನ್ನಡ ಅಕ್ಷರ ಇರುವುದು ದೇವರ ಪಟದ ಕೆಳಗೆ ಮಾತ್ರ. ಮಾವ ಅದನ್ನು ಮಂತ್ರವೆಂದು ತಿಳಿದು ಎರಡು ತಿಂಗಳು ದಿನಾ ಬೆಳಿಗ್ಗೆ ಕೈಮುಗಿದು ಮಗ್ಗಕ್ಕೆ ಕೂತರು.

ಇಂಥ ವಿದ್ವತ್ತಿನೊಂದಿಗೆ ನಾನು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ‘ತೆಲುಗು’ ಎಂದು ಚೀಟಿ ಅಂಟಿಸಿದ ಕಪಾಟನ್ನು ಕಂಡೆ. ಒಂದು ಪುಸ್ತಕ ತೆಗೆದೆ. ಕನ್ನಡ. ಇನ್ನೊಂದು ತೆಗೆದೆ. ಅದೂ ಕನ್ನಡ. ನೂರಾ ನಲವತ್ತು ಚಿಲ್ಲರೆ ಪುಸ್ತಕ, ಎಲ್ಲವೂ ಕನ್ನಡ. ಎಂಥ ಕಲಸುಮೇಲೋಗರ ಅಂತೀರಿ? ಕೋಳಿ ಸಾಕಣೆಯ ಕೈಪಿಡಿಯ ಪಕ್ಕ ಪ್ರೇಮ ಕಾದಂಬರಿ. ಸಕ್ಕರೆ ಕಾಯಿಲೆಯ ಅಡುಗೆಗೆ ಒರಗಿಕೊಂಡು ಹಿಮಾಲಯ ಪ್ರವಾಸ. ಒಬ್ಬ ಪೈಲ್ವಾನನ ಜೀವನಚರಿತ್ರೆ, ಕೈಮಗ್ಗದ ಚರಿತ್ರೆ, ದೆವ್ವದ ಕತೆ, ಮೂಲವ್ಯಾಧಿಗೆ ಮನೆಮದ್ದು. ಜೋಡಿಸಿದ ಪುಣ್ಯಾತ್ಮರಿಗೆ ಹೆಸರು ಓದಲು ಬಾರದ್ದರಿಂದ ಎತ್ತರದ ಪ್ರಕಾರ ಜೋಡಿಸಿದ್ದರು.

“ಇದು ತೆಲುಗಲ್ಲ, ಸಾರ್” ಎಂದು ಗುಮಾಸ್ತ ಜಯರಾಮನ್ ಅವರಿಗೆ ಹೇಳಿದೆ.

“ಸುರುಳಿ ಸುರುಳಿಯಾಗಿದೆ ಅಲ್ವಾ, ಅಮ್ಮಣಿ? ಸುರುಳಿ ಇದ್ರೆ ತೆಲುಗೇ” ಎಂದರು ಅವರು ತಮಿಳಿನಲ್ಲಿ, ನ್ಯಾಯಾಧೀಶರ ಗಾಂಭೀರ್ಯದಿಂದ. “ರಿಜಿಸ್ಟರಲ್ಲಿ ತೆಲುಗು ಒಂದು, ತೆಲುಗು ಎರಡು ಅಂತ ಏರಿಸಿ ಆಗಿದೆ. ನಿನಗೆ ಯಾವ ತೆಲುಗು ಬೇಕು?”

ನನಗೆ ತೆಲುಗು ಹದಿನೇಳು ಮತ್ತು ತೆಲುಗು ತೊಂಬತ್ತೊಂದು ಬೇಕಾಗಿದ್ದವು. ಮೊದಲನೆಯದು ಕೈಮಗ್ಗದ ಚರಿತ್ರೆ, ಎರಡನೆಯದು ಒಂದು ಪತ್ತೇದಾರಿ ಕಾದಂಬರಿ. ಮಧ್ಯಾಹ್ನ ಊಟವಾದ ಮೇಲೆ ನಮ್ಮಜ್ಜಿ ಚಿನ್ನತಾಯಿಗೆ ಓದಿ ಹೇಳತೊಡಗಿದೆ. ಮಗ್ಗದ ಪುಸ್ತಕದಲ್ಲಿ, ಅಡ್ಡ ನೂಲು ಹೊತ್ತು ಓಡುವ ‘ಲಾಳಿ’ ಎಂಬ ಮಾತು ಬಂದಾಗ ಅವರು ರಾಟೆ ನಿಲ್ಲಿಸಿದರು.

“ಏನು ನನ್ ಕಣ್ಣು, ಲಾಳಿ ಅಂತಾನೇ ಹಾಕವ್ರಾ? ನೀನಾಗಿ ಸೇರಿಸ್ತಿಲ್ಲ ತಾನೆ?”

“ಇಲ್ಲಜ್ಜಿ, ಅಚ್ಚಾಗಿದೆ.”

“ನಮ್ಮ ಮಾತನ್ನ ಅಚ್ಚು ಹಾಕ್ತಾರಾ?”

ಎಂಬತ್ತಮೂರು ವರ್ಷ ಆ ಮಾತನ್ನು ಅವರು ಅಡುಗೆಮನೆಯಲ್ಲೂ ಮಗ್ಗದ ಗುಂಡಿಯ ಬಳಿಯಲ್ಲೂ ಮಾತ್ರ ಆಡಿದ್ದರು. ಅದಕ್ಕೆ ಕಾಗದದ ಯೋಗ್ಯತೆ ಇದೆಯೆಂದು ಯಾರೂ ಅವರಿಗೆ ಹೇಳಿರಲಿಲ್ಲ. ನಾನು ಅಂದು ಯಾವ ತಮಾಷೆಯನ್ನೂ ಮಾಡಲಿಲ್ಲ. ದಯವಿಟ್ಟು ಇದನ್ನು ನನ್ನ ಪರವಾಗಿ ದಾಖಲಿಸಿಕೊಳ್ಳಿ.

ಆಮೇಲೆ ಪತ್ತೇದಾರಿ ಕಾದಂಬರಿ ಹಿಡಿದೆವು. ಟೀ ತೋಟದ ಮ್ಯಾನೇಜರಿಗೆ ಯಾರೋ ವಿಷ ಹಾಕಿದ್ದಾರೆ. ಅಜ್ಜಿಗೆ ಡಾಕ್ಟರ ಮೇಲೆ ಗುಮಾನಿ. ಕೊನೆಯ ನಲವತ್ತು ಪುಟ ಉಳಿದಿರುವಾಗ ಸರಸ್ವತಿ ಪೂಜೆ ಬಂತು. ಅಂದು ಮನೆಯಲ್ಲಿರುವ ಪುಸ್ತಕಗಳನ್ನೆಲ್ಲ ಪೂಜೆಗಿಡಬೇಕು, ಓದಬಾರದು. ಇದು ತಮ್ಮ ಮನೆಯಲ್ಲೂ ಇರುವ ಕಟ್ಟಳೆ. ಅಜ್ಜಿ ವಿಷಪ್ರಾಶನದ ಆ ಕಾದಂಬರಿಗೆ ಗಂಧ ಹಚ್ಚಿ, ಕುಂಕುಮವಿಟ್ಟು, ಹೂವು ಮುಡಿಸಿದರು. ರಜೆ ಮುಗಿದು ಪುಸ್ತಕ ಪೂಜೆಯಿಂದ ಎದ್ದ ದಿನವೇ ಮರಳಿಸುವ ವಾಯಿದೆ. ಇನ್ನೊಂದು ವಾರಕ್ಕೆ ಬರೆಸಿಕೊಳ್ಳಲು ಒಯ್ದೆ. ರಟ್ಟಿನ ಮೇಲೆ ಕುಂಕುಮ ಕಂಡ ಜಯರಾಮನ್ ಸಾರ್ ಬಹಳ ನೊಂದುಕೊಂಡೇ ನಿಯಮ ಓದಿದರು: ಪುಸ್ತಕ ವಿರೂಪಗೊಳಿಸಿದವರ ಸದಸ್ಯತ್ವ ರದ್ದು. ಮೇಲಿನಿಂದ, ಅಂದರೆ ತಮ್ಮಿಂದ, ಸಹಿಯೂ ಬಂತು. ಪುಸ್ತಕಕ್ಕೆ ಕೈಮುಗಿಯುವವರನ್ನು ಪುಸ್ತಕದಿಂದ ಕಾಪಾಡುವ ಇಂಥ ಕಾಳಜಿಯನ್ನು ಪುಸ್ತಕ ತಿನ್ನುವ ಗೆದ್ದಲಿನ ವಿಷಯದಲ್ಲೂ ತೋರಿಸಿದ್ದೀರಾ?

ಮೂರು ತಿಂಗಳಾಯಿತು. ನನಗೂ ಸಾಕಾಗಿದೆ, ಮಾನ್ಯರೇ. ಕಿಟಕಿಯಿಂದ ನುಗ್ಗಿ ಕದಿಯಬಹುದಿತ್ತು, ಅಷ್ಟು ಹುರುಪೂ ಉಳಿದಿಲ್ಲ. ಅಜ್ಜಿ ದಿನಾ ಊಟವಾದ ಮೇಲೆ ಕೇಳುತ್ತಾರೆ, ನಾನು ದಿನಾ ಒಂದು ಕೊನೆ ಕಟ್ಟಿ ಹೇಳುತ್ತೇನೆ. ಇದುವರೆಗೆ ಡಾಕ್ಟರು, ಅಡುಗೆಯವನು, ಮ್ಯಾನೇಜರ ಎರಡನೇ ಹೆಂಡತಿ, ಒಮ್ಮೆ ಬೇಸತ್ತು ಮ್ಯಾನೇಜರೇ ಸ್ವತಃ ತಪ್ಪು ಒಪ್ಪಿಕೊಂಡಿದ್ದಾರೆ.

“ಇದು ನೀ ಕಟ್ಟಿದ ಕದೆ” ಎನ್ನುತ್ತಾರೆ ಅಜ್ಜಿ. “ಬುಕ್ಕಲ್ಲಿರೋರು ಇಷ್ಟು ಬೇಗ ಒಪ್ಪಿಕೊಳ್ಳಲ್ಲ.”

ಆದ್ದರಿಂದ ನನ್ನ ಬೇಡಿಕೆ. ಚೀಟಿಯಲ್ಲಿರುವ ‘ತೆಲುಗು’ ಹೊಡೆದು ‘ಕನ್ನಡ’ ಎಂದು ಬರೆಸಿ. ನೂರಾ ನಲವತ್ತು ಚಿಲ್ಲರೆ ಹೆಸರುಗಳನ್ನು ತಮಿಳಿನಲ್ಲಿ ಬರೆದು ಅಂಟಿಸಲು ನಾನು ಸಿದ್ಧ, ಸಂಬಳ ಬೇಡ, ಕುಚೇಷ್ಟೆ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬೇಕಾದರೂ ಬರೆದುಕೊಡುತ್ತೇನೆ. ನನ್ನ ಕಾರ್ಡು ಕೊಡಿ. ಅದು ಆಗದು ಎಂದಾದರೆ ಅಜ್ಜಿಯ ಹೆಸರಿಗೆ ಒಂದು ಕಾರ್ಡು ಮಾಡಿಸಿ. ಓದಲು ಬಾರದವರು ಸದಸ್ಯರಾಗಬಾರದೆಂದು ತಮ್ಮ ನಿಯಮದಲ್ಲಿ ಎಲ್ಲೂ ಇಲ್ಲ, ಹುಡುಕಿದ್ದೇನೆ. ಆದರೆ ಹತ್ತನೇ ತಾರೀಕಿನೊಳಗೆ ಆಗಲಿ. ತಮ್ಮ ‘ಪರಿಶೀಲನೆ’ಗೆ ವಯಸ್ಸಾಗುವುದಿಲ್ಲ, ಅವರಿಗೆ ಆಗುತ್ತದೆ.

ಪತ್ರ ಬರೆಯುತ್ತಿದ್ದೇನೆ, ಏನು ಹೇಳಲಿ ಎಂದು ಅವರನ್ನೇ ಕೇಳಿದೆ. ರಾಟೆ ತಿರುಗಿಸುತ್ತಲೇ ಹೇಳಿದರು: “ಆ ಬುಕ್ಕೆಲ್ಲ ಹೋಗ್ಲೇಬೇಕು ಅಂತಿದ್ರೆ ಹೋಗ್ಲಿ ಸಾಮಿ, ನಾವು ಯಾರು ತಡೆಯೋಕೆ. ಹೋಗೋ ಮುಂಚೆ ಒಂದು ದಿನ ನಮ್ಮನೆಗೆ ಬಂದು ಹೇಳಿ ಹೋಗ್ಲಿ ಅಂತ ಬರಿ.”

ಇಂತಿ,
ತಮ್ಮ ವರದಿಯ ಪ್ರಕಾರ ಇಲ್ಲದ ಓದುಗಾರ್ತಿ,
ಧರಣಿ