ಖಂಡೇನವಮಿಯ ಸಿಲ್ವರ್

ನವೆಂಬರ್ 20, ಗುರುವಾರ

ಇವತ್ತೂ ಕೆರೆಯುವುದೇ ಕೆಲಸ. ಅವ್ವ ಕಬ್ಬೂರಿನಿಂದ ಫೋನ್ ಮಾಡಿ ಏನು ನಡೆಸಿದ್ದೀ ಎಂದು ಕೇಳಿದಳು. ಕಾರಿನ ಮ್ಯಾನಿಫೋಲ್ಡ್ ತಿಕ್ಕುತ್ತಿದ್ದೇನೆ, ಎಂಜಿನ್ನಿನ ಹೊಗೆಯನ್ನು ಹೊರಗೆ ಒಯ್ಯುವ ಬೀಡಿನ, ಎರಕದ ಕಬ್ಬಿಣದ ಕೊಳವೆ ಎಂದೆ.

"ಕೊಳವಿ ತಿಕ್ಕಾಕ ಸಾಲಿ ಬಿಟ್ಟಿಯೇನ?" ಅಂದಳು.

ಅದಕ್ಕಲ್ಲ ಬಿಟ್ಟದ್ದು. ಹತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕಿಟಕಿಯಿಂದ ಚೀಟಿ ಒಗೆದವರು ಯಾರೆಂದು ತಪಾಸಣೆಗೆ ಬಂದ ಸಾಹೇಬರು ಕೇಳಿದರು. ಹೇಳಿದೆ. ಆಮೇಲೆ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಅವ್ವನಿಗೂ ಗೊತ್ತು. ಆದರೂ ಕೇಳುತ್ತಾಳೆ.

ಬೋರಗಾಂವದ ವಿಕ್ರಾಂತ ಸಾವಕಾರರ ಅಂಬಾಸಿಡರ್. ಅವರ ಅಜ್ಜ ಅರವತ್ನಾಲ್ಕರಲ್ಲಿ ಕೊಂಡದ್ದು. ಕಾರು ಅವರ ಮನೆಯಲ್ಲೇ ಇದೆ, ಈ ಕೊಳವೆ ಮಾತ್ರ ಬಿಚ್ಚಿ ನಿಪ್ಪಾಣಿಯ ನಮ್ಮ ಗ್ಯಾರೇಜಿಗೆ ತಂದಿದ್ದೇವೆ. ಡಿಸೆಂಬರ್ ಹದಿನಾಲ್ಕಕ್ಕೆ ಕೊಲ್ಲಾಪುರದಲ್ಲಿ ಹಳೇ ಕಾರುಗಳ ಶೋ. ಬಾನೆಟ್ ಎತ್ತಿ ನೋಡುತ್ತಾರಂತೆ. ಫೌಂಡ್ರಿಯಿಂದ ಈಗ ಬಂದ ಹಾಗೆ ಕಾಣಬೇಕಂತೆ.

ಕೊಳವೆಯ ಮೈತುಂಬ ಸಿಲ್ವರ್ ಬಣ್ಣ. ಒಂದು ಪದರ ಕೆರೆದರೆ ಕೆಳಗೆ ಮತ್ತೊಂದು. ಪ್ರತಿ ದಸರಾದ ಖಂಡೇನವಮಿಗೆ, ಆಯುಧಪೂಜೆಗೆ ಮೊದಲು, ಎಲ್ಲ ಎಂಜಿನ್ನಿಗೂ ಒಂದು ಕೈ ಸಿಲ್ವರ್ ಬಳಿಯುವುದು ನಾಮದೇವ ಮಾಮಾನ ಗ್ಯಾರೇಜಿನ ಪದ್ಧತಿ. ಎಂಜಿನ್ನಿನ ಬಿಸಿಗೆ ಆ ಬಣ್ಣದ ಹೊಳಪು ಹದಿನೈದು ದಿನ ನಿಲ್ಲುವುದಿಲ್ಲ. ಗೊತ್ತು. ಆದರೂ ಬಳಿಯುತ್ತೇವೆ. ಪದರದ ನಡುವೆ ಕುಂಕುಮ ಕೂಡ ಸಿಕ್ಕಿತು — ಕರಕಲು.

ನವೆಂಬರ್ 21

ಸಿಲ್ವರ್ ಹೋಯಿತು. ತುಕ್ಕು ಉಳಿಯಿತು. ಮಾಮಾ ಆ್ಯಸಿಡ್ ಹಾಕು ಎಂದ. ಬೇಡ, ಕಬ್ಬಿಣವನ್ನೇ ತಿನ್ನುತ್ತದೆ ಎಂದೆ. ಕುರಿಯ ಉಣ್ಣೆ ಕತ್ತರಿಸುವ ಕತ್ತರಿಗೆ ತುಕ್ಕು ಹಿಡಿದರೆ ನಮ್ಮ ಅವ್ವ ಕಾಕಂಬಿಯ ನೀರಿನಲ್ಲಿ ಮುಳುಗಿಸಿಡುತ್ತಾಳೆ. ಸಕ್ಕರೆ ಕಾರ್ಖಾನೆಯಿಂದ ತಂದು ದನದ ಮೇವಿಗೆ ಬೆರೆಸುವ ಅದೇ ಕಾಕಂಬಿ. ಪ್ಲಾಸ್ಟಿಕ್ ಬ್ಯಾರಲ್‌ನಲ್ಲಿ ನೀರು ಬೆರೆಸಿ ಇಳಿಬಿಟ್ಟೆ. ಎರಡು ವಾರ.

ಸಂಜೆ ವಿಕ್ರಾಂತ ಬಂದಿದ್ದರು. ಬ್ಯಾರಲ್ ಮೂಸಿ ನೋಡಿ ಮುಖ ಸಿಂಡರಿಸಿದರು.

"ಕಾರ್ ರಿಪೇರಿ ಮಾಡಾಕತ್ತೀರೋ, ಎಮ್ಮಿಗಿ ಮುಸರಿ ಕಲಸಾಕತ್ತೀರೋ?"

ಶೋಗೆ ಅಜ್ಜಿಯನ್ನೂ ಕರೆದೊಯ್ಯುತ್ತಾರಂತೆ. ಗೌರಾಬಾಯಿ. ಊರೆಲ್ಲ ಆಯಿ ಎನ್ನುತ್ತದೆ. ಹಿಂದಿನ ಸೀಟಿನಲ್ಲಿ ಕೂರಿಸಿ ಫೋಟೋ.

"ಆಯಿ ಈ ಗಾಡ್ಯಾಗ ಹಿಂದ ಗಾಜ ಏರಿಸ್ಕೊಂಡ ಕುಂತ್ಲಂದ್ರ ಅರ್ಧಾ ತಾಸಿಗೆ ತಲಿ ಹಿಡ್ಕೋತಾಳ. ವಾಕರಿಕಿ ಅಂತಾಳ. ಬಸ್ಸಿನ್ಯಾಗ ಏನೂ ಆಗೂದಿಲ್ಲ. ಎಲ್ಲಾ ನಖರಾ, ಬರೇ ಸೋಗು."

ಮಾಮಾ ನಕ್ಕ. ನಾನೂ ನಕ್ಕೆ. ಬರೆದಿಡುತ್ತಿದ್ದೇನೆ — ನಾನೂ ನಕ್ಕೆ.

ಡಿಸೆಂಬರ್ 5, ಶುಕ್ರವಾರ

ಬ್ಯಾರಲ್‌ನಿಂದ ತೆಗೆದೆ. ತೊಳೆದೆ. ತಂತಿ ಬ್ರಷ್ ಹಾಕಿದೆ. ಬೂದು ಬಣ್ಣದ ಬೀಡು, ಚೂರೂ ತುಕ್ಕಿಲ್ಲ. ನಡುವಿನ ಕವಲಿನಲ್ಲಿ ಸೀಳು. ಬೋಲ್ಟಿನ ತೂತಿನಿಂದ ಶುರುವಾಗಿ ಬೆರಳುದ್ದ. ಉಗುರು ಇಳಿಯುತ್ತದೆ. ಅಂಚು ಮಸಿ ಹಿಡಿದು ಕಪ್ಪಗಿದೆ. ಇವತ್ತಿನದಲ್ಲ, ವರ್ಷಗಟ್ಟಲೆ ಹಳೆಯದು.

ಹೊಗೆ ಅಲ್ಲಿಂದ ಹೊರಬಿದ್ದರೆ ಎಂಜಿನ್ನಿನ ಹಿಂದಿನ ತಗಡಿನ ತೂತುಗಳಿಂದ ನೇರ ಸೀಟಿನ ಕಡೆಗೆ. ಗಾಜು ಏರಿಸಿದ್ದರೆ ಅಲ್ಲೇ ನಿಲ್ಲುತ್ತದೆ. ಆಯಿಯ ತಲೆನೋವು ನಖರಾ ಅಲ್ಲ. ವಿಷ.

ಇನ್ನೊಂದು ಇದೆ. ಕಳೆದ ಖಂಡೇನವಮಿಗೆ ಈ ಕೊಳವೆಗೆ ಸಿಲ್ವರ್ ಬಳಿದವನು ನಾನು. ನಡುವೆ ಒಂದು ಕಪ್ಪು ಗೆರೆ ಕಂಡಿತ್ತು. ಮಸಿ ಇರಬೇಕು ಅಂದುಕೊಂಡೆ. ಒರೆಸಿ ನೋಡಲಿಲ್ಲ. ಪೂಜೆಗೆ ಹೊತ್ತಾಗಿತ್ತು. ಬಳಿದೆ.

ಡಿಸೆಂಬರ್ 6

ಮಾಮಾನಿಗೆ ತೋರಿಸಿದೆ.

"ಪುಟ್ಟಿ ತುಂಬು. ಮ್ಯಾಲ ಬಣ್ಣಾ ಹೊಡಿ."

"ಎಂಟ ದಿನದಾಗ ಸುಟ್ಟ ಉದುರತೈತಿ, ಮಾಮಾ."

"ಎಂಟ ದಿನದಾಗ ಶೋ ಮುಗದಿರತೈತಿ."

ಊಟ ಮಾಡಿ ಬರುವಷ್ಟರಲ್ಲಿ ಅವನೇ ಆ ಹಿಟ್ಟಿನಂಥ ಪುಟ್ಟಿಯನ್ನು ಸೀಳಿಗೆ ತುಂಬಿದ್ದ. ಮೇಲೆ ಬೀಡಿನ ಬಣ್ಣದ ಸ್ಪ್ರೇ, ಎರಡು ಕೈ. ಚೆಂದ ಕಾಣುತ್ತಿದೆ. ಅದಕ್ಕೇ ಸಿಟ್ಟು. ಎರಡು ವಾರ ನಾನು ನೆನೆಸಿ ತಿಕ್ಕಿದ್ದಕ್ಕೇ ಇಷ್ಟು ಚೆಂದ ಕಾಣುತ್ತಿದೆ.

ಡಿಸೆಂಬರ್ 7, ಭಾನುವಾರ

ವಿಕ್ರಾಂತರು ನೋಡಿ ಖುಷಿಯಾದರು. ಮೊಬೈಲಿನಲ್ಲಿ ಹತ್ತು ಫೋಟೋ. ನಾನು ಬಾಯಿಬಿಟ್ಟೆ. ಸೀಳು, ಹೊಗೆ, ಆಯಿಯ ತಲೆನೋವು — ಎಲ್ಲ.

ಅವರು ಮಾಮಾನ ಮುಖ ನೋಡಿದರು. ಮಾಮಾ ನೆಲ ನೋಡಿದ.

"ಶೋ ಒಂದ ಮುಗೀಲಿ, ತಮ್ಮಾ. ಆಮ್ಯಾಲ ನೋಡೂಣು. ಆಯಿ ಮುಂದ ಮಾತ್ರ ಇದನ್ನ ತಗೀಬ್ಯಾಡ. ಮೊದಲೇ ಕಾರ್ ಅಂದ್ರ ಆಕಿಗಿ ಆಗೂದಿಲ್ಲ."

ಅವರು ಹೋದ ಮೇಲೆ ಮಾಮಾ ಬೋಲ್ಟ್ ಬಿಚ್ಚುವ ಪಾನಾ ಎಸೆದ. ನನಗಲ್ಲ, ಗೋಡೆಗೆ.

"ಸಾಲ್ಯಾಗ ಇದ ಬಾಯಿ, ಇಲ್ಲೂ ಇದ ಬಾಯಿ. ನಾಳಿಂದ ಬರಬ್ಯಾಡಲೇ ಭೀಮ್ಯಾ. ನಿಮ್ಮವ್ವಗ ನಾ ಹೇಳ್ತೇನಿ."

ಪಾನಾ ಎತ್ತಿ ಅದರ ಜಾಗದಲ್ಲಿಟ್ಟು ಬಂದೆ. ಅವನು ನನ್ನನ್ನು ಮೂರು ವರ್ಷ ಸಾಕಿದ್ದಾನೆ. ಅದೂ ನಿಜವೇ.

ಡಿಸೆಂಬರ್ 9, ಮಂಗಳವಾರ. ಮಧ್ಯಾಹ್ನ

ಬೆಳಿಗ್ಗೆ ಮಾಮಾ ಚಹಾಕ್ಕೆ ಹೋದಾಗ ಗ್ಯಾರೇಜಿಗೆ ಹೋಗಿ ಕೊಳವೆಯನ್ನು ಗೊಬ್ಬರದ ಚೀಲಕ್ಕೆ ಹಾಕಿಕೊಂಡೆ. ಕದ್ದೆ ಅನ್ನಬೇಕು. ಮೇಜಿನ ಮೇಲೆ ಚೀಟಿ ಇಟ್ಟೆ: ಮ್ಯಾನಿಫೋಲ್ಡ್ ನಾನು ಒಯ್ದಿದ್ದೇನೆ, ಭೀಮಸಿ. ಬೋರಗಾಂವದ ಬಸ್ಸು. ಕಂಡಕ್ಟರ್ ಚೀಲಕ್ಕೂ ಟಿಕೆಟ್ ತೆಗೆಸಿದ.

ಆಯಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಸಣ್ಣ ಜೀವ, ದೊಡ್ಡ ಕನ್ನಡಕ. ಕೊಳವೆ ಎದುರಿಗೆ ಇಟ್ಟು ಎಲ್ಲ ಹೇಳಿದೆ. ಪೂರ್ತಿ ಕೇಳಿದಳು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ನಾನು ತೋರಿಸಿದ ಕಡೆ ಕೆರೆದಳು. ಪುಟ್ಟಿ ಉದುರಿತು. ಪಿನ್ನು ಒಳಗಿಳಿಯಿತು.

"ನಿನಗ ಯಾವಾಗ ಗೊತ್ತಾತು?"

"ಸೀಳ ಅನ್ನೂದು ಶುಕ್ರವಾರ ಗೊತ್ತಾತ್ರಿ, ಆಯಿ. ಗೆರಿ ದಸರಾಕ್ಕ ಕಂಡಿತ್ತರಿ."

"ಕಂಡೂ ಬಳದಿ?"

"ಬಳದ್ನಿರಿ."

ಇರಲಿ ಬಿಡಪ್ಪಾ ಅನ್ನುತ್ತಾಳೇನೋ ಎಂದು ಕಾದೆ. ಅನ್ನಲಿಲ್ಲ. ಮೂರು ಶೇಂಗಾ ಸುಲಿದಳು. ಆಮೇಲೆ ಒಳಗೆ ನೋಡಿ ಮೊಮ್ಮಗನನ್ನು ಕೂಗಿದಳು.

ವಿಕ್ರಾಂತರು ಚೀಲ ನೋಡಿದರು, ನನ್ನನ್ನು ನೋಡಿದರು. ಹಲ್ಲು ಕಚ್ಚಿದ್ದು ಕೇಳಿಸಿತು.

"ಶೋ ಆದಮ್ಯಾಗ ಮಾಡ್ಸೂಣು, ಆಯಿ. ಮ್ಯಾಲೆ ಕಾಣೂದಿಲ್ಲದು."

"ಆತು. ಕೊಲ್ಲಾಪುರ ತನಕ ನನ್ನ ಜಾಗಾದಾಗ ನೀ ಕುಂದ್ರು. ಗಾಜ ಪೂರಾ ಏರ್ಸು. ನಾ ಬಸ್ಸಿಗೆ ಬರ್ತೀನಿ."

"ಆಯಿ, ಹಂಗಲ್ಲ..."

"ತಲಿ ಹಿಡ್ಕೊಂಡ್ರ ನಖರಾ ಅಂತೀನಿ. ಮಂದಿ ಮುಂದನ ಅಂತೀನಿ."

ಅವರು ಸರಕ್ಕನೆ ಒಳಗೆ ಹೋದರು. ಆಯಿ ನನಗೆ ಅಥಣಿಯ ಬಸವಂತನ ಹೆಸರು ಹೇಳಿ, ಅವನ ಕಡೆ ಬೆಸೆಸಿಕೊಂಡು ಬಾ ಎಂದಳು. ಅವರ ಕಬ್ಬಿನ ಗಾಣದ ಒಡೆದ ಉರುಳೆಗೆ ವೆಲ್ಡಿಂಗ್ ಮಾಡಿದವನು. ನೀರು ಬೇಕೇ ಎಂದೂ ಕೇಳಲಿಲ್ಲ ನನ್ನನ್ನು. ಸರಿಯೇ.

ಡಿಸೆಂಬರ್ 11. ಅಥಣಿ

ಬಸವಂತ ಪುಟ್ಟಿ ಕೆರೆಯುತ್ತ ಬೈದ.

"ಇದನ್ನ ತುಂಬಿದ ಶ್ಯಾಣ್ಯಾ ಯಾರ?"

"ನಮ್ಮ ಮಾಮಾರಿ."

"ಈ ಸಂದ್ಯಾಗ ಸಿಲ್ವರ್ ಮೆತ್ತಿದಾಂವ?"

"ನಾನರಿ."

"ಛಲೋ ಮನಿತನ ಐತಿ."

ಸೀಳು ಮುಂದೆ ಓಡಬಾರದೆಂದು ಅದರ ತುದಿಗೆ ಸಣ್ಣ ತೂತು ಕೊರೆದ. ಇದ್ದಿಲಿನಲ್ಲಿ ಇಡೀ ಕೊಳವೆ ಕಾಯಿಸಿದ. ಬೆಸೆದ. ಕೂಡಲೇ ಗಾಣದ ಒಲೆಯಿಂದ ತಂದ ಬೂದಿಯಲ್ಲಿ ಹೂತ. ಬೇಗ ತಣಿದರೆ ಬೀಡು ಮತ್ತೆ ಒಡೆಯುತ್ತದೆ. ನಾಳೆಯವರೆಗೆ ಮುಟ್ಟುವಂತಿಲ್ಲ. ಕಾಯುವುದು ನನ್ನಿಂದ ಆಗದ ಕೆಲಸ. ಬೂದಿಯ ಗುಡ್ಡೆಯ ಪಕ್ಕ ಕೂತಿದ್ದೇನೆ.

ಡಿಸೆಂಬರ್ 12

ಗಾಯ ಹೊಲಿದ ಹಾಗೆ ಒಂದು ಉಬ್ಬು ಉಳಿದಿದೆ. ಬಿಸಿ ತಡೆಯುವ ಬಣ್ಣ ತೆಳ್ಳಗೆ ಹೊಡೆದೆ. ಉಬ್ಬು ಕಾಣುತ್ತದೆ. ಫೋಟೋ ಕಳಿಸಿದೆ. ವಿಕ್ರಾಂತರು ಫೋನಿನಲ್ಲಿ ಕಿರುಚಿದರು — ಅರದಿಂದ ಉಜ್ಜಿ ಸಪಾಟು ಮಾಡಬೇಕಂತೆ. ಉಜ್ಜಿದರೆ ಬೆಸುಗೆ ತೆಳುವಾಗುತ್ತದೆ. ಉಜ್ಜುವುದಿಲ್ಲ ಎಂದೆ. ಫೋನ್ ಇಟ್ಟರು.

ಡಿಸೆಂಬರ್ 14, ಭಾನುವಾರ. ಬೆಳಿಗ್ಗೆ 9

ಬೋರಗಾಂವ. ಕೊಳವೆಯನ್ನು ನಿನ್ನೆಯೇ ಕಾರಿಗೆ ಕೂಡಿಸಿದ್ದೆ. ಬೆಳಿಗ್ಗೆ ಎಂಜಿನ್ ಹಚ್ಚಿದಾಗ ಹೊಸ ಬಣ್ಣ ಕಾದು ಹೊಗೆ ಎದ್ದಿತು. "ನೋಡ, ನೋಡ" ಎಂದರು ವಿಕ್ರಾಂತರು. ಸ್ವಲ್ಪ ಹೊತ್ತಿಗೆ ನಿಂತಿತು. ಬೆಸುಗೆಯ ಹತ್ತಿರ ಊದುಬತ್ತಿ ಹಿಡಿದೆ. ಅದರ ಹೊಗೆ ಅಲುಗದೆ ನೆಟ್ಟಗೆ ಏರಿತು.

ಆಯಿ ಹಿಂದೆ ಕೂತು ಗಾಜು ಏರಿಸಿದಳು. ಊರೆಲ್ಲ ಸುತ್ತಿಸಿಕೊಂಡು ಬಾ ಎಂದಳು ಮೊಮ್ಮಗನಿಗೆ. ನಾನು ಮುಂದಿನ ಸೀಟಿನಲ್ಲಿ. ಅರ್ಧ ತಾಸು. ಮುಕ್ಕಾಲು ತಾಸು. ಹಿಂದಿನಿಂದ ಸದ್ದಿಲ್ಲ. ತಿರುಗಿದರೆ ಆಯಿಯ ತಲೆ ವಾಲಿದೆ. ವಿಕ್ರಾಂತರು ಗಕ್ಕನೆ ನಿಲ್ಲಿಸಿ ಬಾಗಿಲು ಕಿತ್ತುಬರುವ ಹಾಗೆ ಎಳೆದರು. ಆಯಿಯ ಭುಜ ಹಿಡಿದು ಅಲುಗಿಸಿದರು. ನಾನು ಆಚೆಯ ಗಾಜು ಇಳಿಸಿದೆ.

"ಯಾಕ ಎಬ್ಬಿಸಿದ್ಯೋ?" ಎಂದಳು ಆಯಿ. "ಛಂದ ನಿದ್ದಿ ಹತ್ತಿತ್ತು."

ಅವರು ಕೊಲ್ಲಾಪುರಕ್ಕೆ ಹೋದರು. ಹೋಗುವಾಗ ವಿಕ್ರಾಂತರು ನನ್ನನ್ನು ನೋಡಲಿಲ್ಲ. ಆಯಿ ಗಾಜು ಇಳಿಸಿ ಒಂದು ಮುಷ್ಟಿ ಶೇಂಗಾ ಕೊಟ್ಟಳು, ಅಷ್ಟೇ.

ಸಿಟ್ಟು ಇಳಿದಿಲ್ಲ. ಮಾಮಾನ ಫೋನ್ ಎರಡು ಸಲ ಬಂತು. ಎತ್ತಲಿಲ್ಲ. ಎತ್ತಿದರೆ ಉಳಿದ ಗಾಡಿಗಳ ಬಗ್ಗೆ ನಾನೇ ಅವನನ್ನು ಕೇಳಬೇಕಾದದ್ದು ಇದೆ. ದಸರಾಕ್ಕೆ ನಾನು ಒಬ್ಬನೇ ಹನ್ನೊಂದು ಗಾಡಿಗೆ ಬಳಿದಿದ್ದೇನೆ. ಒಂದನ್ನೂ ಒರೆಸಿ ನೋಡಿರಲಿಲ್ಲ. ನೆನಪಿರುವಷ್ಟು ಬರೆಯುತ್ತೇನೆ, ಬರೆದು ಒಬ್ಬೊಬ್ಬರ ಮನೆಗೂ ಹೋಗುತ್ತೇನೆ.

ದಿಗ್ಗೇವಾಡಿಯ ಮಲ್ಲೇಶನ ಜೀಪು. ಶಾಲೆ ಮಕ್ಕಳನ್ನು ಒಯ್ಯುವ ಹಳದಿ ಟೆಂಪೊ — ಅದರಲ್ಲೂ ಒಂದು ಕಪ್ಪು ಗೆರೆ ಕಂಡ ನೆನಪು. ಮೊದಲು ಅಲ್ಲಿಗೇ.