ದೀಪ ಹಿಡಿದವಳ ವಿಳಾಸ

೨೧ ಫೆಬ್ರುವರಿ ೧೯೬೧, ಮಂಗಳವಾರ. ಮುಂಡಗೋಡ.

ಆ ವಿಳಾಸವನ್ನು ನಾನು ಬರೆದುಕೊಡಬಾರದಿತ್ತು.

ಸಿನೆಮಾ ಮುಗಿದ ಮೇಲೆ ಅದನ್ನು ತೆಗೆದ ಕಂಪನಿಯ ಲಾಂಛನ ಬರುತ್ತದೆ. ದೀಪ ಹಿಡಿದು ನಿಂತ ಹೆಂಗಸು, ಐದಾರು ಕ್ಷಣ ಅಷ್ಟೇ. ಅಷ್ಟರಲ್ಲಿ ನಮ್ಮ ಟೆಂಟು ಖಾಲಿಯಾಗಿರುತ್ತದೆ. ಅಂದಾನೆಪ್ಪನೆಂಬ ರೈತ ಮಾತ್ರ ಕಳೆದ ಮೂರು ದಿನವೂ ಕೊನೆಯವರೆಗೆ ಕೂತಿದ್ದ. ಇಂದು ಮಧ್ಯಾಹ್ನ ನಾನು ಪ್ರೊಜೆಕ್ಟರ್ ಒರೆಸುತ್ತಿದ್ದಾಗ ಬಂದ.

“ಆ ದೀಪದಾಕಿ ನನ್ನ ತಂಗಿ ಗುರುಸಿದ್ದವ್ವ ರೀ. ಮನಿ ಬಿಟ್ಟು ಓಡಿಹೋಗಿ ಆರು ವರ್ಷ ಆತು. ಕಂಪನಿ ಎಲ್ಲೈತಿ?”

ನನಗೆ ಖುಷಿಯಾಯಿತು. ರೀಲಿನ ಡಬ್ಬಿ ನೋಡಿ ಮುಂಬಯಿಯ ವಿಳಾಸ ಬರೆದುಕೊಟ್ಟೆ. “ಮನೀಗೆ ಕರಕೊಂಡು ಬರ್ರಿ,” ಎಂದೆ.

ಚೀಟಿ ಮಡಚಿ ಕಿಸೆಯಲ್ಲಿಟ್ಟುಕೊಂಡ. “ಕರಕೊಂಡು ಬರಾಕ ಅಲ್ರಿ. ಆಕಿ ಸತ್ತಾಳಂತ ಊರಿಗೆಲ್ಲಾ ಹೇಳೇವಿ. ಆ ಮಾತು ಸುಳ್ಳಾಗಬಾರದು,” ಎಂದ. ದನಿ ಏರಿಸಲಿಲ್ಲ.

ಸಂಜೆಯ ಹುಬ್ಬಳ್ಳಿ ಬಸ್ಸಿಗೆ ಹೋದನಂತೆ. ಇವತ್ತಿನ ಆಟದಲ್ಲಿ ಲಾಂಛನ ಬರುವ ಮೊದಲೇ ಪ್ರೊಜೆಕ್ಟರ್ ನಿಲ್ಲಿಸಿಬಿಟ್ಟೆ. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಬೆಳಿಗ್ಗೆ ಅಂಚೆ ಕಚೇರಿ ತೆರೆದ ಕೂಡಲೇ ಕಂಪನಿಗೆ ತಂತಿ ಕೊಡಬೇಕು. ಯಾರ ಹೆಸರಿಗೆ ಕೊಡಲಿ? ಗುರುಸಿದ್ದವ್ವ ಎಂಬ ಹೆಸರನ್ನು ಅಲ್ಲಿ ಅವಳು ಯಾರಿಗೂ ಹೇಳಿರಲಿಕ್ಕಿಲ್ಲ.